ಪದಪ್ರಶ್ನೆ: ‘ನಡೆ’ ಎಂಬ ಪದದ ನಡೆ

ಈ ಸಲದ ಪತ್ರಗಳಲ್ಲಿ ಹೆಚ್ಚಿನವು ಒಂದೇ ಪದವನ್ನು ಕುರಿತು ಬಂದಿವೆ. ಮಗು ಮೊದಲ ಹೆಜ್ಜೆ ಇಟ್ಟ ದಿನದಿಂದ ಎಲ್ಲರ ಬಾಯಲ್ಲೂ ಇರುವ ‘ನಡೆ’ ಎಂಬ ಪದ ಅದು. ಆದ್ದರಿಂದ ಉಳಿದ ಪ್ರಶ್ನೆಗಳನ್ನು ಮುಂದಿನ ಸಂಚಿಕೆಗೆ ಬಿಟ್ಟು, ಅಂಕಣವನ್ನು ಪೂರ್ತಿಯಾಗಿ ಇದಕ್ಕೇ ಮೀಸಲಿಟ್ಟಿದ್ದೇನೆ.

ಪ್ರಶ್ನೆ: ನಾನು ಪ್ರೌಢಶಾಲೆಯಲ್ಲಿ ಕನ್ನಡ ಕಲಿಸುತ್ತೇನೆ. ಕಿರುಪರೀಕ್ಷೆಯಲ್ಲಿ ‘ನಡೆ’ ಎಂಬ ಪದಕ್ಕೆ ಮೂರು ಸಮಾನಾರ್ಥಕ ಪದಗಳನ್ನು ಬರೆಯಲು ಕೇಳಿದ್ದೆ. ಒಬ್ಬ ವಿದ್ಯಾರ್ಥಿ ‘ಹೋಗು, ಜರುಗು, ವರ್ತಿಸು’ ಎಂದು ಬರೆದಿದ್ದ. ‘ಹೋಗು’ ಎಂಬುದಕ್ಕೆ ಮಾತ್ರ ಅಂಕ ಕೊಟ್ಟು ಉಳಿದೆರಡನ್ನು ಹೊಡೆದುಹಾಕಿದೆ. ಮಾರನೆಯ ದಿನ ಅವನು ನಿಘಂಟನ್ನೇ ತಂದು ಮೂರೂ ಅರ್ಥಗಳನ್ನು ತೋರಿಸಿದ. ನಾನು ಅಂಕ ತಿದ್ದಬೇಕೆ?

ಉತ್ತರ: ತಿದ್ದಬೇಕು. ನೀವು ಒಪ್ಪಿದ ‘ಹೋಗು’ ಎಂಬುದೇ ಆ ಮೂರರಲ್ಲಿ ದುರ್ಬಲವಾದದ್ದು, ನೀವು ಹೊಡೆದುಹಾಕಿದ ಎರಡೂ ತಮ್ಮ ತಮ್ಮ ಸಂದರ್ಭದಲ್ಲಿ ‘ನಡೆ’ಗೆ ಹೆಚ್ಚು ಹತ್ತಿರವಾದವು ಎಂಬುದನ್ನು ಹೇಳಿದರೆ ನಿಮಗೆ ಆಶ್ಚರ್ಯವಾಗಬಹುದು. ‘ಸಭೆ ನಿನ್ನೆ ನಡೆಯಿತು’ ಎಂಬಲ್ಲಿ ‘ಜರುಗಿತು’ ಎಂದು ಬದಲಾಯಿಸಿದರೆ ಅರ್ಥಕ್ಕೆ ಕುಂದು ಬರುವುದಿಲ್ಲ. ‘ಅವರು ಸೌಜನ್ಯದಿಂದ ನಡೆದುಕೊಂಡರು’ ಎಂಬಲ್ಲಿ ‘ವರ್ತಿಸಿದರು’ ಎಂದರೂ ಮಾತು ನಿಲ್ಲುತ್ತದೆ. ಆದರೆ ‘ಮಗು ನಡೆಯಿತು’ ಎಂಬುದನ್ನು ‘ಮಗು ಹೋಯಿತು’ ಎಂದು ಬದಲಾಯಿಸಿ ನೋಡಿ. ಮೊದಲನೆಯದು ಮನೆಮಂದಿ ಸಂಭ್ರಮಿಸುವ ಸುದ್ದಿ, ಎರಡನೆಯದು ಎದೆ ಒಡೆಯುವ ಸುದ್ದಿ.

ಹಾಗಾದರೆ ‘ನಡೆ’ ಮತ್ತು ‘ಹೋಗು’ಗಳ ನಡುವೆ ಇರುವ ವ್ಯತ್ಯಾಸವೇನು? ಎರಡೂ ಚಲನೆಯನ್ನೇ ಹೇಳುತ್ತವೆ, ಆದರೆ ಒಂದೇ ಚಲನೆಯನ್ನು ಎರಡು ಕಡೆಗಳಲ್ಲಿ ನಿಂತು ನೋಡುತ್ತವೆ. ‘ಹೋಗು’ ಎಂಬುದು ಬಿಟ್ಟುಹೋದ ಜಾಗದಲ್ಲಿ ನಿಂತವನ ನೋಟ. ಆದ್ದರಿಂದಲೇ ಅದಕ್ಕೆ ಕಳೆದುಕೊಳ್ಳುವ ಅರ್ಥ ಅಂಟಿಕೊಂಡಿದೆ. ಬೆಳಕು ಹೋಯಿತು, ಮಾನ ಹೋಯಿತು, ಜೀವ ಹೋಯಿತು ಎನ್ನುತ್ತೇವೆ. ‘ಬರು’ ಎಂಬುದು ತಲುಪುವ ಜಾಗದಲ್ಲಿ ನಿಂತವನ ನೋಟ. ಹಾಗಾಗಿ ಅದು ದೊರೆಯುವುದನ್ನೂ ಹುಟ್ಟುವುದನ್ನೂ ಸೂಚಿಸುತ್ತದೆ. ನಿದ್ದೆ ಬಂತು, ಕೋಪ ಬಂತು, ಬುದ್ಧಿ ಬಂತು. ‘ನಡೆ’ ಎಂಬುದು ಬಿಟ್ಟ ಜಾಗವನ್ನೂ ನೋಡುವುದಿಲ್ಲ, ಸೇರುವ ಜಾಗವನ್ನೂ ನೋಡುವುದಿಲ್ಲ. ಹೆಜ್ಜೆಯ ಹಿಂದೆ ಹೆಜ್ಜೆ ಬೀಳುತ್ತಿರುವುದನ್ನು, ಅಂದರೆ ಕ್ರಮವಾಗಿ ಮುಂದುವರಿಯುತ್ತಿರುವುದನ್ನು ಮಾತ್ರ ನೋಡುತ್ತದೆ. ‘ಮಾತು’ ಎಂಬ ಒಂದೇ ನಾಮಪದದ ಮುಂದೆ ಈ ಮೂರನ್ನೂ ಇಟ್ಟು ನೋಡಿದರೆ ಇದು ಇನ್ನೂ ಸ್ಪಷ್ಟವಾಗುತ್ತದೆ. ‘ಮಗುವಿಗೆ ಮಾತು ಬಂತು’ ಎಂದರೆ ಮಾತನಾಡುವ ಶಕ್ತಿ ಮೂಡಿತು ಎಂದರ್ಥ. ‘ಮುದುಕರಿಗೆ ಮಾತು ಹೋಯಿತು’ ಎಂದರೆ ಆ ಶಕ್ತಿ ಇಲ್ಲವಾಯಿತು ಎಂದರ್ಥ. ‘ಅವರಿಬ್ಬರ ನಡುವೆ ಮಾತು ನಡೆಯಿತು’ ಎಂದರೆ ಮಾತುಕತೆ ಸಾಗಿತು ಎಂದರ್ಥ. ಇನ್ನು ‘ಈ ಮನೆಯಲ್ಲಿ ಅಜ್ಜಿಯ ಮಾತೇ ನಡೆಯುವುದು’ ಎಂಬಲ್ಲಿ ಮಾತಿಗೆ ಕಾಲು ಮೂಡಿ ಅದು ಅಧಿಕಾರವೇ ಆಗಿಬಿಟ್ಟಿದೆ.

ಎರಡು ಪದಗಳು ಸಮಾನಾರ್ಥಕಗಳೇ ಎಂದು ತಿಳಿಯಲು ಅವುಗಳ ವಿರುದ್ಧಪದಗಳನ್ನು ಕೇಳುವ ಒಂದು ಹಳೆಯ ಉಪಾಯವಿದೆ. ‘ಹೋಗು’ ಎಂಬುದರ ವಿರುದ್ಧಪದ ‘ಬರು’. ‘ನಡೆ’ ಎಂಬುದರ ವಿರುದ್ಧಪದ ‘ನಿಲ್ಲು’. ನಡೆಯುತ್ತಿದ್ದ ಮನುಷ್ಯ ನಿಲ್ಲುತ್ತಾನೆ, ನಡೆಯುತ್ತಿದ್ದ ಗಡಿಯಾರ ನಿಲ್ಲುತ್ತದೆ, ನಡೆಯುತ್ತಿದ್ದ ಅಂಗಡಿ ನಿಂತುಹೋಗುತ್ತದೆ, ನಡೆಯಬೇಕಾಗಿದ್ದ ಮದುವೆಯೂ ನಿಲ್ಲುತ್ತದೆ. ಅರ್ಥಗಳು ಇಷ್ಟು ದೂರ ಚದುರಿದರೂ ವಿರುದ್ಧಪದ ಬಹುಮಟ್ಟಿಗೆ ಒಂದೇ ಆಗಿ ಉಳಿದಿರುವುದು ಪದದ ಒಳಗಿನ ತಿರುಳು ಒಡೆದಿಲ್ಲ ಎಂಬುದಕ್ಕೆ ಸಾಕ್ಷಿ. ನಡತೆಯ ಅರ್ಥವೊಂದು ಮಾತ್ರ ಈ ಪರೀಕ್ಷೆಗೆ ಸಿಕ್ಕುವುದಿಲ್ಲ.

ಮುಂದಿನ ಸಲ ಪ್ರಶ್ನೆ ಕೇಳುವಾಗ ಪದವನ್ನು ಒಂಟಿಯಾಗಿ ಕೊಡದೆ ವಾಕ್ಯದಲ್ಲಿಟ್ಟು ಕೊಡಿ. ವಾಕ್ಯವಿಲ್ಲದ ಪದಕ್ಕೆ ಸಮಾನಾರ್ಥಕವನ್ನು ಕೇಳುವುದು ಊರಿನ ಹೆಸರು ಹೇಳದೆ ದಾರಿ ಕೇಳಿದ ಹಾಗೆ.

ಪ್ರಶ್ನೆ: ಕಾಲಿನಿಂದ ನಡೆಯುವುದಕ್ಕೂ ಒಬ್ಬರ ಶೀಲಕ್ಕೂ ಏನು ಸಂಬಂಧ? ನಡತೆ ಎಂಬ ಪದ ನಡಿಗೆಯಿಂದಲೇ ಬಂದಿತೆ, ಅಥವಾ ಇವು ಎರಡು ಬೇರೆ ಧಾತುಗಳೆ?

ಉತ್ತರ: ಒಂದೇ ಧಾತು. ಬದುಕನ್ನು ದಾರಿಯೆಂದೂ ಬಾಳುವುದನ್ನು ಆ ದಾರಿಯಲ್ಲಿ ಹೆಜ್ಜೆ ಹಾಕುವುದೆಂದೂ ಭಾವಿಸಿದ ಮೇಲೆ, ಹೇಗೆ ಹೆಜ್ಜೆ ಹಾಕುತ್ತಾನೆ ಎಂಬುದೇ ಹೇಗೆ ಬಾಳುತ್ತಾನೆ ಎಂಬುದಾಯಿತು. ‘ದಾರಿ ತಪ್ಪಿದ ಮಗ’, ‘ಅಡ್ಡದಾರಿ ಹಿಡಿದವನು’, ‘ಹಿರಿಯರ ಹೆಜ್ಜೆಯಲ್ಲಿ ನಡೆದವನು’ ಎಂಬ ಮಾತುಗಳೆಲ್ಲ ಇದೇ ಭಾವನೆಯ ಕೊಂಬೆಗಳು. ಈ ಅರ್ಥ ಇತ್ತೀಚಿನದೂ ಅಲ್ಲ. 12ನೆಯ ಶತಮಾನದಲ್ಲಿ ಬಸವಣ್ಣನವರು ‘ನುಡಿದರೆ ಮುತ್ತಿನ ಹಾರದಂತಿರಬೇಕು’ ಎಂದು ಆರಂಭಿಸಿ, ನುಡಿಯೊಳಗಾಗಿ ನಡೆಯದಿದ್ದರೆ ದೇವರು ಹೇಗೆ ಒಲಿಯುತ್ತಾನೆ ಎಂದು ಕೇಳುವಾಗ, ಅಲ್ಲಿರುವ ‘ನಡೆ’ಗೆ ಕಾಲಿನ ನಡಿಗೆಯ ಅರ್ಥ ಒಂದಿಷ್ಟೂ ಇಲ್ಲ. ‘ನಡೆನುಡಿ’ ಎಂಬ ಜೋಡಿಪದ ಅಂದಿನಿಂದ ಇಂದಿನವರೆಗೆ ಸವೆಯದೆ ಉಳಿದಿದೆ.

ಇದು ಕನ್ನಡಕ್ಕೆ ಮಾತ್ರ ಸೇರಿದ ಚಮತ್ಕಾರವೂ ಅಲ್ಲ. ಸಂಸ್ಕೃತದ ‘ಚರ್’ ಎಂಬ ಧಾತುವಿಗೆ ಚಲಿಸು, ಸಂಚರಿಸು ಎಂಬ ಅರ್ಥವಿದೆ. ಆ ಧಾತುವಿನಿಂದ ಚರಣ ಬಂತು, ಸಂಚಾರ ಬಂತು. ಅದೇ ಧಾತುವಿನಿಂದ ಆಚಾರ, ಆಚರಣೆ, ಚಾರಿತ್ರ್ಯ ಎಂಬ ನಡತೆಯ ಪದಗಳೂ ಬಂದವು, ನಡೆದದ್ದನ್ನು ಹೇಳುವ ಚರಿತ್ರೆಯೂ ಬಂತು. ಕನ್ನಡದ ‘ನಡೆ’ ಯಾವ ಮೂರು ಕವಲುಗಳಲ್ಲಿ ಒಡೆಯಿತೋ, ಅಂದರೆ ಕಾಲಿನ ಚಲನೆ, ಬಾಳಿನ ರೀತಿ ಮತ್ತು ಸಂಭವಿಸಿದ ಸಂಗತಿ ಎಂಬ ಮೂರು ಕವಲುಗಳಲ್ಲಿ, ಸಂಸ್ಕೃತದ ‘ಚರ್’ ಕೂಡ ಸರಿಸುಮಾರು ಅದೇ ಮೂರು ಕವಲುಗಳಲ್ಲಿ ಒಡೆದಿದೆ. ‘ವರ್ತನೆ’ ಎಂಬುದನ್ನೇ ತೆಗೆದುಕೊಳ್ಳಿ: ಅದರ ಮೂಲವಾದ ‘ವೃತ್’ ಎಂಬ ಧಾತುವಿಗೆ ತಿರುಗು, ಸುತ್ತು ಎಂಬ ಅರ್ಥವಿದೆ, ಅದರಿಂದಲೇ ವೃತ್ತವೂ ವೃತ್ತಿಯೂ ಬಂದಿವೆ. ಬೇರೆ ಬೇರೆ ಕುಲದ ಎರಡು ಭಾಷೆಗಳು ಒಂದೇ ದಾರಿಯಲ್ಲಿ ಯೋಚಿಸಿರುವುದನ್ನು ಕಂಡಾಗ, ಒಂದು ಇನ್ನೊಂದರಿಂದ ಎರವಲು ಪಡೆದಿರಬೇಕು ಎಂದು ತೀರ್ಮಾನಿಸುವ ಆತುರ ಬೇಡ. ಎರಡೂ ಕಡೆ ನಡೆದವರು ಮನುಷ್ಯರೇ ಅಲ್ಲವೆ?

ಪ್ರಶ್ನೆ: ಪತ್ರಿಕೆಯೊಂದರಲ್ಲಿ ಕರಡು ತಿದ್ದುವ ಕೆಲಸ ನನ್ನದು. ‘ಭೂಕಂಪ ನಡೆಯಿತು’, ‘ಅಪಘಾತ ನಡೆಯಿತು’ ಎಂಬ ವಾಕ್ಯಗಳು ಬಂದಾಗ ತಿದ್ದಬೇಕೋ ಬಿಡಬೇಕೋ ತಿಳಿಯದೆ ತೊಳಲುತ್ತೇನೆ. ಆಗು, ನಡೆ, ಜರುಗು, ಸಂಭವಿಸು, ಘಟಿಸು ಇವುಗಳನ್ನು ಒಂದರ ಬದಲು ಇನ್ನೊಂದನ್ನು ಬಳಸಬಹುದೆ?

ಉತ್ತರ: ಬಳಸುವವರಿದ್ದಾರೆ, ಆದರೆ ಕಿವಿ ಎಲ್ಲ ಕಡೆಯೂ ಒಪ್ಪುವುದಿಲ್ಲ. ನಾನು ಅನುಸರಿಸುವ ಒಂದು ಅಳತೆಗೋಲನ್ನು ಹೇಳುತ್ತೇನೆ. ಯಾವುದನ್ನು ‘ನಡೆಸು’ ಎಂದು ಹೇಳಲು ಬರುತ್ತದೆಯೋ ಅದು ‘ನಡೆಯಿತು’ ಎಂದು ಧೈರ್ಯವಾಗಿ ಹೇಳಬಹುದು. ಸಭೆ ನಡೆಸುತ್ತಾರೆ, ಪರೀಕ್ಷೆ ನಡೆಸುತ್ತಾರೆ, ಚುನಾವಣೆ ನಡೆಸುತ್ತಾರೆ, ಯುದ್ಧವನ್ನೂ ನಡೆಸುತ್ತಾರೆ. ಆದ್ದರಿಂದ ಅವೆಲ್ಲ ನಡೆಯುತ್ತವೆ. ಭೂಕಂಪವನ್ನು ಯಾರೂ ನಡೆಸುವುದಿಲ್ಲ. ಅದು ಆಗುತ್ತದೆ, ಇಲ್ಲವೆ ಸಂಭವಿಸುತ್ತದೆ. ‘ಭೂಕಂಪ ನಡೆಯಿತು’ ಎಂಬುದನ್ನು ನಾನಾಗಿದ್ದರೆ ತಿದ್ದುತ್ತಿದ್ದೆ. ಅಪಘಾತದ ವಿಷಯದಲ್ಲಿ ನನ್ನ ಅಳತೆಗೋಲು ಸೋಲುತ್ತದೆ. ಅಪಘಾತವನ್ನು ಯಾರೂ ಬೇಕೆಂದು ನಡೆಸುವುದಿಲ್ಲವಾದರೂ ‘ಅಪಘಾತ ನಡೆದ ಸ್ಥಳ’ ಎಂಬ ಬಳಕೆ ಎಷ್ಟು ಬೇರು ಬಿಟ್ಟಿದೆಯೆಂದರೆ, ಅದನ್ನು ಕೀಳಲು ಹೋಗುವುದು ವ್ಯರ್ಥ. ‘ಘಟನೆ ನಡೆಯಿತು’ ಎಂಬುದನ್ನೂ ಹಾಗೆಯೇ ಬಿಟ್ಟುಬಿಡಿ. ‘ಘಟನೆ ಘಟಿಸಿತು’ ಎಂದು ಬರೆಯುವುದಕ್ಕಿಂತ ಅದು ಎಷ್ಟೋ ವಾಸಿ.

‘ಆಗು’ ಮತ್ತು ‘ನಡೆ’ಗಳ ನಡುವಿನ ಸೂಕ್ಷ್ಮ ಇನ್ನೊಂದು ಬಗೆಯದು. ‘ಅವನಿಗೆ ಮದುವೆ ಆಗಿದೆ’ ಎಂದರೆ ಅವನ ಈಗಿನ ಸ್ಥಿತಿಯನ್ನು ಹೇಳಿದಂತೆ. ಮದುವೆಯ ದಿನ ಏನೇನಾಯಿತು ಎಂಬುದು ಅಲ್ಲಿ ಮುಖ್ಯವಲ್ಲ. ‘ಅವನ ಮದುವೆ ವಿಜೃಂಭಣೆಯಿಂದ ನಡೆಯಿತು’ ಎಂದರೆ ಮುಹೂರ್ತ, ಊಟ, ಉಪಚಾರ ಎಲ್ಲವೂ ಒಂದಾದ ಮೇಲೊಂದು ಕಣ್ಣ ಮುಂದೆ ಸಾಗುತ್ತವೆ. ‘ಆಗು’ ಫಲವನ್ನು ಹೇಳುತ್ತದೆ, ‘ನಡೆ’ ಕ್ರಮವನ್ನು ಹೇಳುತ್ತದೆ. ‘ಕೆಲಸ ಆಯಿತು’ ಎಂದರೆ ಮುಗಿಯಿತು. ‘ಕೆಲಸ ನಡೆದಿದೆ’ ಎಂದರೆ ಇನ್ನೂ ಮುಗಿದಿಲ್ಲ. ಎರಡನ್ನೂ ಒಂದೇ ಎಂದು ತಿಳಿದ ಮನೆಯ ಯಜಮಾನನಿಗೆ ಗೋಡೆ ಕಟ್ಟುವ ಮೇಸ್ತ್ರಿಯೇ ಈ ವ್ಯತ್ಯಾಸವನ್ನು ಚೆನ್ನಾಗಿ ಕಲಿಸಿಕೊಡಬಲ್ಲ.

‘ಜರುಗು’ ಎಂಬುದು ಕುತೂಹಲದ ಪದ. ಅದರ ಮೊದಲ ಅರ್ಥವೂ ಚಲನೆಯೇ. ‘ಸ್ವಲ್ಪ ಆಚೆ ಜರುಗಿ’ ಎಂದು ಪಕ್ಕದಲ್ಲಿ ಕುಳಿತವರಿಗೆ ಹೇಳುತ್ತೇವೆ. ಅಲ್ಲಿ ಅದಕ್ಕೆ ಸರಿ, ಜಾರು ಎಂಬ ಅರ್ಥವಿದೆ. ಮುಂದೆ ಅದೂ ‘ನಡೆ’ಯ ಹಾಗೆಯೇ ಸಂಭವಿಸುವ ಅರ್ಥಕ್ಕೆ ಬಂತು, ಕಚೇರಿಯ ಭಾಷೆಯಲ್ಲಿ ‘ಕ್ರಮ ಜರುಗಿಸಲಾಗುವುದು’ ಎಂದು ಗದರಿಸಲೂ ಕಲಿಯಿತು. ತೆಲುಗಿನಲ್ಲಿಯೂ ಈ ಪದಕ್ಕೆ ಸರಿಯುವ ಮತ್ತು ಸಂಭವಿಸುವ ಎರಡೂ ಅರ್ಥಗಳಿವೆ.

ಪ್ರಶ್ನೆ: ಸರ್ಕಾರಿ ಆದೇಶಗಳ ತಲೆಯಲ್ಲಿ ‘ಕರ್ನಾಟಕ ಸರ್ಕಾರದ ನಡವಳಿಗಳು’ ಎಂದು ಬರೆದಿರುತ್ತದೆ. ಸರ್ಕಾರಕ್ಕೂ ನಡವಳಿಕೆ ಇರುತ್ತದೆಯೆ? ಇದು ಅಚ್ಚಿನ ತಪ್ಪೆ?

ಉತ್ತರ: ತಪ್ಪಲ್ಲ. ‘ನಡವಳಿ’ ಬೇರೆ, ‘ನಡವಳಿಕೆ’ ಬೇರೆ. ಕಚೇರಿಯಲ್ಲಿ ಒಂದು ವಿಷಯ ಹೇಗೆ ಹೇಗೆ ಮುಂದುವರಿಯಿತು, ಯಾವ ಪ್ರಸ್ತಾವನೆ ಬಂತು, ಅದರ ಮೇಲೆ ಏನು ತೀರ್ಮಾನವಾಯಿತು ಎಂಬುದರ ಕ್ರಮಬದ್ಧ ದಾಖಲೆಗೆ ನಡವಳಿ ಎಂದು ಹೆಸರು. ಆದೇಶದ ಆರಂಭದಲ್ಲಿ ‘ಓದಲಾಗಿದೆ’, ‘ಪ್ರಸ್ತಾವನೆ’ ಎಂಬ ಭಾಗಗಳಿದ್ದು ಆಮೇಲೆ ಆದೇಶದ ಒಕ್ಕಣೆ ಬರುವುದನ್ನು ನೀವು ಗಮನಿಸಿರಬಹುದು. ಆ ಹೆಜ್ಜೆಗಳ ಸಾಲೇ ನಡವಳಿ. ಸಭೆಯಲ್ಲಿ ನಡೆದುದರ ಬರಹಕ್ಕೆ ‘ನಡಾವಳಿ’ ಎಂಬ ರೂಪವೂ ಬಳಕೆಯಲ್ಲಿದೆ. ‘ನಡವಳಿಕೆ’ ಎಂಬುದು ಒಬ್ಬ ವ್ಯಕ್ತಿ ಇನ್ನೊಬ್ಬರ ಜೊತೆಗೆ ವ್ಯವಹರಿಸುವ ರೀತಿ. ಅದು ಹೊರಗೆ ಕಾಣುವಂಥದ್ದು. ‘ನಡತೆ’ ಅದಕ್ಕಿಂತ ಆಳದ್ದು. ಬಹುಕಾಲದ ವರ್ತನೆಯಿಂದ ತಿಳಿಯುವ ಗುಣ ಅದು. ಆದ್ದರಿಂದಲೇ ಶಾಲೆಯವರು ಕೊಡುವುದು ‘ನಡತೆ ಪ್ರಮಾಣಪತ್ರ’ವೇ ಹೊರತು ನಡವಳಿಕೆಯ ಪ್ರಮಾಣಪತ್ರವಲ್ಲ. ಒಂದು ದಿನದ ನಡವಳಿಕೆ ಕೆಟ್ಟಿರಬಹುದು. ಅಷ್ಟರಿಂದಲೇ ನಡತೆ ಕೆಟ್ಟಿತು ಎಂದು ಯಾರೂ ಹೇಳುವುದಿಲ್ಲ.

ಇದೇ ಸಾಲಿನಲ್ಲಿ ಮರೆತುಹೋಗುತ್ತಿರುವ ಒಂದು ಪದವನ್ನು ಹೇಳಬೇಕು. ಮದುವೆ, ಉತ್ಸವಗಳಲ್ಲಿ ಬರುವವರ ಪಾದ ನೆಲಕ್ಕೆ ತಾಗದಂತೆ ಮಡಿಯಾದ ಬಟ್ಟೆಯನ್ನು ಹಾಸುತ್ತಾರಲ್ಲ, ಅದಕ್ಕೆ ‘ನಡೆಮಡಿ’ ಎಂದು ಹೆಸರು. ಈಗ ಅದನ್ನು ‘ಕೆಂಪುಹಾಸು’ ಎಂದು ಬರೆಯುವುದನ್ನು ಕಂಡಾಗ, ಮನೆಯಲ್ಲಿದ್ದ ಚಿನ್ನವನ್ನು ಮರೆತು ಸಂತೆಯಲ್ಲಿ ಹಿತ್ತಾಳೆ ಕೊಂಡಂತೆ ನನಗೆ ಅನಿಸುತ್ತದೆ.

ಪ್ರಶ್ನೆ: ‘ನಡೆ’ ಸರಿಯೋ ‘ನಡಿ’ ಸರಿಯೋ?

ಉತ್ತರ: ಬರೆಯುವಾಗ ‘ನಡೆ’, ಆಡುವಾಗ ‘ನಡಿ’. ಎಕಾರದಲ್ಲಿ ಮುಗಿಯುವ ಅನೇಕ ಧಾತುಗಳು ಆಡುಮಾತಿನಲ್ಲಿ ಇಕಾರಕ್ಕೆ ತಿರುಗುತ್ತವೆ: ಬರೆ–ಬರಿ, ಕರೆ–ಕರಿ, ಹೊಡೆ–ಹೊಡಿ. ಬರಹದಲ್ಲಿ ಎಕಾರವನ್ನು ಉಳಿಸಿಕೊಳ್ಳಲು ಕಾರಣವಿದೆ. ‘ಕರೆ’ ಎಂದರೆ ಕೂಗು, ‘ಕರಿ’ ಎಂದರೆ ಎಣ್ಣೆಯಲ್ಲಿ ಬೇಯಿಸು. ಅತಿಥಿಗಳನ್ನು ಕರೆಯಬೇಕು, ಕರಿಯಬಾರದು. ಆದರೆ ‘ನಡಿಗೆ’ ಎಂಬ ನಾಮಪದದಲ್ಲಿ ಬರಹದಲ್ಲಿಯೂ ಇಕಾರವೇ ಸರಿ.

ಪ್ರಶ್ನೆ: ಕನ್ನಡ ಕಲಿಯುತ್ತಿರುವ ನನ್ನ ಗೆಳೆಯನೊಬ್ಬ ‘ಆಸ್ಪತ್ರೆಗೆ ಓಡಾಡಿದೆ’ ಎಂಬ ಮಾತನ್ನು ಕೇಳಿ, ಅಷ್ಟು ದೂರ ಓಡಿದೆಯಾ ಎಂದು ಗಾಬರಿಯಾದ. ‘ಓಡಾಡು’ ಎಂಬುದರಲ್ಲಿ ಓಟ ಎಲ್ಲಿ ಹೋಯಿತು? ನಡೆದಾಡು, ಅಡ್ಡಾಡು, ತಿರುಗಾಡು, ಅಲೆದಾಡು ಇವುಗಳಲ್ಲಿ ವ್ಯತ್ಯಾಸವೇನು?

ಉತ್ತರ: ಓಟವನ್ನು ‘ಆಡು’ ನುಂಗಿಹಾಕಿತು. ಕ್ರಿಯಾಪದದ ಕೊನೆಗೆ ‘ಆಡು’ ಸೇರಿದಾಗ ಆ ಕ್ರಿಯೆ ಒಂದು ಗುರಿಯ ಕಡೆಗೆ ನೇರವಾಗಿ ಹೋಗುವುದನ್ನು ಬಿಟ್ಟು, ಹಿಂದೆ ಮುಂದೆ, ಅತ್ತ ಇತ್ತ, ಮತ್ತೆ ಮತ್ತೆ ಆಗತೊಡಗುತ್ತದೆ. ಹಕ್ಕಿ ಗೂಡಿಗೆ ಹಾರುತ್ತದೆ, ಬಾವುಟ ಗಾಳಿಗೆ ಹಾರಾಡುತ್ತದೆ. ಹೊಳೆ ಕಡಲಿಗೆ ಹರಿಯುತ್ತದೆ, ಹಾವು ಹಿತ್ತಲಲ್ಲಿ ಹರಿದಾಡುತ್ತದೆ. ‘ಓಡಾಡು’ ಎಂಬಲ್ಲಿ ಈ ‘ಮತ್ತೆ ಮತ್ತೆ’ ಎಂಬ ಅರ್ಥ ಎಷ್ಟು ಬಲವಾಯಿತೆಂದರೆ ವೇಗದ ಅರ್ಥ ಸಂಪೂರ್ಣವಾಗಿ ಅಳಿಸಿಹೋಯಿತು. ಕೋಲೂರಿಕೊಂಡು ನಿಧಾನವಾಗಿ ಹೆಜ್ಜೆ ಇಡುವ ವೃದ್ಧರನ್ನೂ ‘ಇನ್ನೂ ಓಡಾಡಿಕೊಂಡಿದ್ದಾರೆ’ ಎಂದು ಹೇಳುವುದು ಕನ್ನಡದಲ್ಲಿ ಸಹಜವಾದ ಮಾತು, ಗೌರವದ ಮಾತು ಕೂಡ.

‘ನಡೆದಾಡು’ ಎಂಬಲ್ಲಿ ನಡೆಯುವ ಶಕ್ತಿಯ ಕಡೆಗೆ ಗಮನವಿದೆ. ಕಾಲು ಮುರಿದವನು ಗುಣವಾಗಿ ‘ನಡೆದಾಡುವಂತಾದ’ ಎನ್ನುತ್ತೇವೆ. ‘ಅಡ್ಡಾಡು’ ಎಂಬುದರಲ್ಲಿ ಬಿಡುವಿದೆ, ಅವಸರವಿಲ್ಲ. ಊಟವಾದ ಮೇಲೆ ನಾಲ್ಕು ಹೆಜ್ಜೆ ಅಡ್ಡಾಡುತ್ತಾರೆ. ‘ತಿರುಗಾಡು’ ಎಂಬುದರಲ್ಲಿ ಜಾಗಗಳನ್ನು ನೋಡುವ ಅರ್ಥವಿದ್ದರೂ ಅದು ಸಿಟ್ಟಿನ ಬಾಯಿಗೆ ಸಿಕ್ಕರೆ ಕೆಲಸವಿಲ್ಲದೆ ಸುತ್ತುವುದೂ ಆಗುತ್ತದೆ. ‘ಅಲೆದಾಡು’ ಎಂಬುದರಲ್ಲಿ ದಣಿವಿದೆ; ಒಂದು ಸಹಿಗಾಗಿ ಮೂರು ಕಚೇರಿಗಳಿಗೆ ಹೋಗಿಬಂದವನು ತಿರುಗಾಡಿದೆ ಎನ್ನುವುದಿಲ್ಲ, ಅಲೆದಾಡಿದೆ ಎನ್ನುತ್ತಾನೆ. ‘ಸುಳಿದಾಡು’ ಎಂದರೆ ಕಂಡೂ ಕಾಣದಂತೆ ಹತ್ತಿರದಲ್ಲೇ ಚಲಿಸು. ಕಳ್ಳನೂ ಸುಳಿದಾಡುತ್ತಾನೆ, ತಂಗಾಳಿಯೂ ಸುಳಿದಾಡುತ್ತದೆ.

ಪ್ರಶ್ನೆ: ಗಮನ, ಗತಿ, ಚಲನೆ, ಸಂಚಾರ, ಪ್ರಯಾಣ, ಯಾತ್ರೆ — ಇವು ‘ನಡೆ’ಯ ಸಂಸ್ಕೃತ ರೂಪಗಳೆಂದು ಭಾವಿಸಿ ಬಳಸಬಹುದೆ?

ಉತ್ತರ: ಹಾಗೆ ಭಾವಿಸಿದರೆ ತೊಂದರೆಗೆ ಸಿಕ್ಕುತ್ತೀರಿ, ಏಕೆಂದರೆ ಈ ಪದಗಳಲ್ಲಿ ಕೆಲವು ಕನ್ನಡಕ್ಕೆ ಬಂದ ಮೇಲೆ ಬೇರೆಯೇ ಬಾಳನ್ನು ಕಟ್ಟಿಕೊಂಡಿವೆ. ‘ಗಮನ’ಕ್ಕೆ ಸಂಸ್ಕೃತದಲ್ಲಿ ಹೋಗುವುದು ಎಂಬ ಅರ್ಥವಿದೆ, ಆಗಮನ, ನಿರ್ಗಮನಗಳಲ್ಲಿ ಅದು ಇಂದಿಗೂ ಉಳಿದಿದೆ. ಆದರೆ ಕನ್ನಡದಲ್ಲಿ ‘ಗಮನ’ ಎಂದು ಬಿಡಿಯಾಗಿ ಹೇಳಿದರೆ ಕಾಲು ಹೋಗುವುದಿಲ್ಲ, ಮನಸ್ಸು ಹೋಗುತ್ತದೆ. ‘ಗಮನವಿಟ್ಟು ಕೇಳಿ’, ‘ಗಮನಿಸಿ’ ಎಂಬ ಬಳಕೆ ತೆಲುಗಿನಲ್ಲಿಯೂ ಇದೆ; ಹಿಂದಿಯವರು ಈ ಅರ್ಥಕ್ಕೆ ‘ಧ್ಯಾನ’ ಎನ್ನುತ್ತಾರೆ.

‘ಗತಿ’ಯ ಪಾಡು ಇನ್ನೂ ವಿಚಿತ್ರ. ಚಲನೆಯ ರೀತಿಯನ್ನು ಹೇಳುವ ಪದ ಅದು. ಪ್ರಗತಿ, ಮಂದಗತಿ, ತೀವ್ರಗತಿಗಳಲ್ಲಿ ಆ ಅರ್ಥ ನಿಂತಿದೆ. ಆಡುಮಾತಿನಲ್ಲಿ ಮಾತ್ರ ಅದು ಮನುಷ್ಯ ಕೊನೆಗೆ ತಲುಪಿದ ಸ್ಥಿತಿ ಎಂದಾಗಿ, ‘ಅವನ ಗತಿ ಏನಾಯಿತು?’ ಎಂಬ ಕನಿಕರವೂ ‘ಗತಿಗೆಟ್ಟವನು’ ಎಂಬ ಬೈಗುಳವೂ ‘ನೀನೇ ಗತಿ’ ಎಂಬ ಮೊರೆಯೂ ಅದರಿಂದಲೇ ಹುಟ್ಟಿವೆ. ‘ಚಲನೆ’ ನಿರ್ಲಿಪ್ತವಾದ ಪದ. ಗ್ರಹ, ಯಂತ್ರ, ಕಣ ಯಾವುದಕ್ಕಾದರೂ ಹೊಂದುತ್ತದೆ. ವಿಜ್ಞಾನದ ಬರಹಕ್ಕೆ ಇದೇ ಸರಿಯಾದದ್ದು. ‘ಚಲ’ ಎಂದು ಬರೆಯುವಲ್ಲಿ ‘ಛಲ’ ಎಂದು ಬರೆಯದಂತೆ ಎಚ್ಚರವಿರಲಿ; ಛಲ ಹಿಡಿದವನು ಬಹುಮಟ್ಟಿಗೆ ಅಲುಗುವುದೇ ಇಲ್ಲ. ಜನರು ಒಟ್ಟಾಗಿ ಹೋರಾಡುವುದಕ್ಕೆ ಹೇಳುವ ‘ಚಳವಳಿ’ ಕೂಡ ಈ ಬಳಗದ್ದೇ, ಮರಾಠಿಯ ‘ಚಳವಳ’ದ ನೆಂಟ. ‘ಸಂಚಾರ’ದಲ್ಲಿ ಹಲವರು, ಹಲವು ದಿಕ್ಕುಗಳು ಇವೆ; ರಸ್ತೆಯ ವಾಹನಗಳ ಓಡಾಟಕ್ಕೆ ಅದು ಸರಿಯಾಗಿ ಹೊಂದಿಕೊಂಡಿದೆ. ‘ಪ್ರಯಾಣ’ಕ್ಕೆ ಹೊರಡುವ ಊರೂ ಸೇರುವ ಊರೂ ಬೇಕು, ಇದರ ತದ್ಭವವೇ ಪಯಣ. ‘ಯಾತ್ರೆ’ಗೆ ಒಂದು ಉದ್ದೇಶ ಬೇಕು, ಹೆಚ್ಚಾಗಿ ಪುಣ್ಯದ್ದು, ಇದರ ತದ್ಭವವಾದ ‘ಜಾತ್ರೆ’ಯಾದರೋ ಪಯಣವನ್ನೇ ಮರೆತು, ಜನ ಸೇರುವ ಜಾಗದಲ್ಲಿಯೇ ನೆಲೆ ನಿಂತಿದೆ. ‘ಜಂಗಮ’ ಎಂಬುದೂ ‘ಗಮ್’ ಧಾತುವಿನದೇ. ಸ್ಥಾವರಕ್ಕೆ ಎದುರಾಗಿ ನಿಂತ ಆ ಪದ ಇಂದು ‘ಜಂಗಮವಾಣಿ’ಯಾಗಿ ಕಿಸೆಯಲ್ಲಿ ಕುಳಿತಿದೆ.

ಅಚ್ಚಗನ್ನಡದ ‘ಸಾಗು’ ಎಂಬುದನ್ನು ನೀವು ಪಟ್ಟಿಯಲ್ಲಿ ಸೇರಿಸಿಲ್ಲ. ‘ನಡೆ’ಗೆ ಇವೆಲ್ಲಕ್ಕಿಂತ ಹತ್ತಿರವಾದದ್ದು ಅದೇ. ಕಾಲಿನಿಂದಲೇ ಆಗಬೇಕೆಂಬ ನಿರ್ಬಂಧ ಅದಕ್ಕಿಲ್ಲ. ಹಡಗು ಸಾಗುತ್ತದೆ, ಮೋಡ ಸಾಗುತ್ತದೆ, ಸಂಸಾರವೂ ಸಾಗುತ್ತದೆ. ಆದರೆ ‘ಸಂಸಾರ ನಡೆಯುತ್ತಿದೆ’ ಎಂಬುದಕ್ಕೂ ‘ಸಂಸಾರ ಹೇಗೋ ಸಾಗುತ್ತಿದೆ’ ಎಂಬುದಕ್ಕೂ ನಡುವೆ ಒಂದು ನಿಟ್ಟುಸಿರಿನ ಅಂತರವಿದೆ.

ಪ್ರಶ್ನೆ: ಸಂಗೀತ ಕಲಿಯುತ್ತಿದ್ದೇನೆ. ಗುರುಗಳು ಒಮ್ಮೆ ‘ನಡೆ’ ಎನ್ನುತ್ತಾರೆ, ಒಮ್ಮೆ ‘ಗತಿ’ ಎನ್ನುತ್ತಾರೆ. ಎರಡೂ ಒಂದೇ ಆದರೆ, ನಡೆ ಬದಲಾದಾಗ ಹಾಡಿನ ವೇಗ ಏಕೆ ಬದಲಾಗುವುದಿಲ್ಲ?

ಉತ್ತರ: ತಾಳದ ಲೆಕ್ಕದಲ್ಲಿ ಎರಡೂ ಒಂದೇ. ಇಲ್ಲಿ ಗತಿ ಎಂದರೆ ವೇಗವಲ್ಲ, ನಡಿಗೆಯ ಬಗೆ. ತಾಳದ ಒಂದು ಎಣಿಕೆಯನ್ನು ಎಷ್ಟು ಸಮಭಾಗಗಳಾಗಿ ಒಡೆಯುತ್ತೇವೆ ಎಂಬುದೇ ನಡೆ. 3 ಭಾಗವಾದರೆ ತಿಶ್ರ, 4 ಆದರೆ ಚತುರಶ್ರ, 5 ಆದರೆ ಖಂಡ, 7 ಆದರೆ ಮಿಶ್ರ, 9 ಆದರೆ ಸಂಕೀರ್ಣ. ಆದಿತಾಳದ 8 ಎಣಿಕೆಗಳು ಚತುರಶ್ರ ನಡೆಯಲ್ಲಿ 32 ಮಾತ್ರೆಗಳಾಗುತ್ತವೆ, ತಿಶ್ರದಲ್ಲಿ 24, ಖಂಡದಲ್ಲಿ 40. ಕೈ ಬೀಳುವ ವೇಗ ಮೂರರಲ್ಲೂ ಒಂದೇ. ಎರಡು ಏಟುಗಳ ನಡುವೆ ಬೀಳುವ ಹೆಜ್ಜೆಗಳು ಮಾತ್ರ ಬೇರೆ. ಇಬ್ಬರು ಒಂದೇ ಹೊತ್ತಿಗೆ ಹೊರಟು ಒಂದೇ ಹೊತ್ತಿಗೆ ಊರು ಸೇರಿದರೂ, ಒಬ್ಬ ದಾಪುಗಾಲು ಹಾಕಿದ, ಇನ್ನೊಬ್ಬ ಪುಟ್ಟ ಹೆಜ್ಜೆಗಳನ್ನು ಬೇಗ ಬೇಗ ಇಟ್ಟ ಎಂದು ತಿಳಿದರೆ ಸರಿ. ಇಲ್ಲಿ ‘ನಡೆ’ ಎಂಬ ಪದವನ್ನು ಆರಿಸಿದವರಿಗೆ ಅದರ ತಿರುಳು ಚೆನ್ನಾಗಿ ಗೊತ್ತಿತ್ತು.

ಛಂದಸ್ಸಿನಲ್ಲಿಯೂ ಇದೇ ವಿಚಾರವಿದೆ. ಭಾಮಿನಿ ಷಟ್ಪದಿ 3 ಮತ್ತು 4 ಮಾತ್ರೆಗಳ ಗಣಗಳನ್ನು ಒಂದರ ಹಿಂದೆ ಒಂದರಂತೆ ಇಟ್ಟು ನಡೆಯುತ್ತದೆ. ವಾರ್ಧಕ ಷಟ್ಪದಿಯದು 5 ಮಾತ್ರೆಗಳ ನಡೆ. ಭಾಮಿನಿಯಲ್ಲಿರುವ ಕುಮಾರವ್ಯಾಸನ ಭಾರತವನ್ನು ಗಟ್ಟಿಯಾಗಿ ಓದುವಾಗ ಸಣ್ಣ ಹೆಜ್ಜೆಯೊಂದು, ದೊಡ್ಡ ಹೆಜ್ಜೆಯೊಂದು ಬಿದ್ದಂತೆ ಕೇಳುವುದು ಈ ಏಳರ ಕಟ್ಟಿನಿಂದಲೇ.

ಪ್ರಶ್ನೆ: ತಮಿಳಿನವರು ‘ಕಾಲ್ನಡೈ’ ಎಂದರೆ ದನಕರು ಎನ್ನುತ್ತಾರಂತೆ. ನಮ್ಮ ‘ಕಾಲ್ನಡಿಗೆ’ಗೂ ಅದಕ್ಕೂ ಸಂಬಂಧವಿದೆಯೆ?

ಉತ್ತರ: ಇದೆ. ಕನ್ನಡದ ನಡೆ, ತಮಿಳಿನ ನಡ, ಮಲಯಾಳದ ನಡಕ್ಕುಗ, ತುಳುವಿನ ನಡಪುನಿ, ತೆಲುಗಿನ ನಡಚು ಎಲ್ಲವೂ ಒಂದೇ ದ್ರಾವಿಡ ಮೂಲದವು. ತಮಿಳಿನ ‘ಕಾಲ್ನಡೈ’ಗೆ ಕಾಲಿನಿಂದ ನಡೆಯುವುದು ಎಂಬ ಅರ್ಥವೂ ಇದೆ, ಕಾಲಿನಿಂದ ನಡೆಯುವ ಸಂಪತ್ತಾದ ಜಾನುವಾರು ಎಂಬ ಅರ್ಥವೂ ಇದೆ. ಅವರು ಗದ್ಯವನ್ನು ‘ಉರೈನಡೈ’ ಎನ್ನುತ್ತಾರೆ. ಆಡುವ ಮಾತಿನ ನಡೆಯಲ್ಲಿರುವ ಬರಹ ಎಂಬ ಭಾವ ಅದರಲ್ಲಿದೆ. ನಾವು ಸಂಸ್ಕೃತದ ‘ಗದ್ಯ’ವನ್ನೇ ಇಟ್ಟುಕೊಂಡೆವು.

ಪ್ರಶ್ನೆ: ‘ಪಕ್ಷದ ಮುಂದಿನ ನಡೆ ಏನು?’, ‘ಸಚಿವರ ನಡೆ ಖಂಡನೀಯ’ ಎಂದು ಪತ್ರಿಕೆಗಳಲ್ಲಿ ಓದಿ ಬೇಸರವಾಗಿದೆ. ಇದು ಕನ್ನಡವೆ?

ಉತ್ತರ: ಮೊದಲನೆಯದು ಕನ್ನಡವೇ. ಚದುರಂಗದಲ್ಲಿ ಕಾಯಿಯನ್ನು ಮುಂದಿಡುವುದಕ್ಕೆ ನಡೆ ಎನ್ನುತ್ತೇವೆ. ಕುದುರೆಗೆ ಒಂದು ನಡೆ, ಆನೆಗೆ ಇನ್ನೊಂದು ನಡೆ. ರಾಜಕೀಯವನ್ನು ಚದುರಂಗವೆಂದು ಭಾವಿಸಿ ‘ಮುಂದಿನ ನಡೆ’ ಎನ್ನುವುದರಲ್ಲಿ ದೋಷವಿಲ್ಲ. ಎರಡನೆಯ ವಾಕ್ಯದ ಬಗೆಗೆ ನಿಮ್ಮ ಬೇಸರವನ್ನು ನಾನೂ ಹಂಚಿಕೊಳ್ಳುತ್ತೇನೆ. ಅಲ್ಲಿ ‘ನಡೆ’ ಎಂದರೆ ನಿರ್ಧಾರವೋ, ಹೇಳಿಕೆಯೋ, ವರ್ತನೆಯೋ ಓದುಗನಿಗೆ ತಿಳಿಯುವುದಿಲ್ಲ. ಖಂಡಿಸುವವರು ಏನನ್ನು ಖಂಡಿಸುತ್ತಿದ್ದೇವೆ ಎಂಬುದನ್ನಾದರೂ ಹೇಳಬೇಕು.

ಇದಕ್ಕಿಂತ ದೊಡ್ಡ ಪಿಡುಗು ‘ನಡೆಸು’. ಚರ್ಚಿಸಿದರು ಎನ್ನುವಲ್ಲಿ ‘ಚರ್ಚೆ ನಡೆಸಿದರು’, ಪ್ರಯತ್ನಿಸಿದರು ಎನ್ನುವಲ್ಲಿ ‘ಪ್ರಯತ್ನ ನಡೆಸಿದರು’, ಪರಿಶೀಲಿಸಿದರು ಎನ್ನುವಲ್ಲಿ ‘ಪರಿಶೀಲನೆ ನಡೆಸಲಾಯಿತು’. ಒಂದು ಪದ ಸಾಕಾಗುವಲ್ಲಿ ಎರಡು ಬಂದು, ಕೊನೆಗೆ ಮಾಡಿದವರು ಯಾರು ಎಂಬುದೂ ಮರೆಯಾಗುತ್ತದೆ. ಎಲ್ಲವನ್ನೂ ತೆಗೆದುಹಾಕಬೇಕೆಂದು ನನ್ನ ಮಾತಲ್ಲ. ‘ತನಿಖೆ ನಡೆಸಿದರು’ ಎಂಬಲ್ಲಿ ಅದು ಬೇಕು, ಏಕೆಂದರೆ ತನಿಖೆ ಹಲವು ಹೆಜ್ಜೆಗಳ ಕೆಲಸ, ಅದಕ್ಕೆ ಬೇರೆ ಕ್ರಿಯಾಪದವೂ ಇಲ್ಲ.

ಪ್ರಶ್ನೆ: ಉತ್ತರ ಕರ್ನಾಟಕದ ನನ್ನ ಸಹೋದ್ಯೋಗಿ ಎಲ್ಲದಕ್ಕೂ ‘ನಡೀತದ’ ಎನ್ನುತ್ತಾರೆ. ಮೊನ್ನೆ ಹೊರಡುವಾಗ ‘ನಡೀರಿ’ ಎಂದರು. ನನ್ನನ್ನು ಓಡಿಸುತ್ತಿದ್ದಾರೆ ಎಂದುಕೊಂಡೆ. ಅವರ ಮಾತಿನಲ್ಲಿ ಒರಟುತನವಿತ್ತೆ?

ಉತ್ತರ: ಇರಲಿಲ್ಲ. ‘ನಡೀತದ’ ಎಂದರೆ ಆಗುತ್ತದೆ, ಅಡ್ಡಿಯಿಲ್ಲ ಎಂದರ್ಥ. ಮರಾಠಿಯ ‘ಚಾಲತೆ’ ಎಂಬ ಮಾತು ಇದೇ ರೀತಿಯದು. ‘ನಡೀರಿ’ ಎಂದರೆ ಹೊರಡೋಣ ಬನ್ನಿ ಎಂದು ಕರೆದಂತೆ, ಹೇಳುವವರೂ ಜೊತೆಗೆ ಹೆಜ್ಜೆ ಹಾಕುತ್ತಾರೆ. ಓಡಿಸುವ ‘ನಡಿ’ ಬೇರೆ. ಅದರಲ್ಲಿ ಬಹುವಚನವಿರುವುದಿಲ್ಲ, ಹೇಳುವವರು ಕುಳಿತಲ್ಲಿಂದ ಏಳುವುದೂ ಇಲ್ಲ.